ಡ್ರಾಕುಲಾನನ್ನು ಕಟ್ಟಿಹಾಕುವ ನಿಯಮಗಳು

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಕತೆಯ ಗುಟ್ಟುಗಳೆಲ್ಲ ರಟ್ಟಾಗುತ್ತವೆ. 2020ರಲ್ಲಿ ಬಿಬಿಸಿ ಮತ್ತು ನೆಟ್‌ಫ್ಲಿಕ್ಸ್ ಸೇರಿ ತಂದ ‘ಡ್ರಾಕುಲಾ’ ಸರಣಿಯನ್ನು ಇನ್ನೂ ನೋಡದವರು, ನೋಡುವ ಮನಸ್ಸಿದ್ದರೆ, ಮೊದಲ ಎರಡು ಕಂತನ್ನಾದರೂ ಮುಗಿಸಿ ಬನ್ನಿ.

ಸರಣಿ ಬರೆದವರು ಮಾರ್ಕ್ ಗೇಟಿಸ್ ಮತ್ತು ಸ್ಟೀವನ್ ಮೊಫಾಟ್. ‘ಷರ್ಲಾಕ್’ ಸರಣಿ ಕಟ್ಟಿದ ಜೋಡಿಯೇ ಇದು. ತೊಂಬತ್ತು ನಿಮಿಷದ ಆಸುಪಾಸಿನ ಮೂರು ಕಂತು, ಪ್ರತಿ ಕಂತೂ ಒಂದು ಪೂರ್ತಿ ಸಿನಿಮಾದಷ್ಟು ಅನ್ನುವ ಅಳತೆಯನ್ನೂ ಅಲ್ಲಿಂದಲೇ ತಂದರು. 2020ರ ಜನವರಿ 1, 2, 3ರಂದು ಸತತ ಮೂರು ರಾತ್ರಿ ಬಿಬಿಸಿ ಒನ್‌ನಲ್ಲಿ ಬಂತು, ಮರುದಿನ ನೆಟ್‌ಫ್ಲಿಕ್ಸ್‌ಗೆ ಏರಿತು. ಮೊದಲ ಕಂತಿನ ನಿರ್ದೇಶಕ ಜಾನಿ ಕ್ಯಾಂಪ್‌ಬೆಲ್, ಎರಡನೆಯದಕ್ಕೆ ಡೇಮನ್ ಥಾಮಸ್, ಮೂರನೆಯದಕ್ಕೆ ಪಾಲ್ ಮೆಗೈಗನ್. ಡ್ರಾಕುಲಾ ಆಗಿ ಡೆನ್ಮಾರ್ಕಿನ ನಟ ಕ್ಲೇಸ್ ಬ್ಯಾಂಗ್, ಅವನ ಎದುರಾಳಿಯಾಗಿ ಡಾಲಿ ವೆಲ್ಸ್.

ಮೊದಲ ಎರಡು ಕಂತು ಅಷ್ಟು ಬಿಗಿಯಾಗಿದ್ದು, ಮೂರನೆಯದು ಯಾಕೆ ಕೈಜಾರಿತು ಎಂದು ಬಹಳ ಜನ ಕೇಳುತ್ತಾರೆ. ಕಾಲ ಬದಲಾಗಿದ್ದೇ ತಪ್ಪು ಎನ್ನುವುದು ಸಾಮಾನ್ಯ ಉತ್ತರ. ನನಗೆ ಅದು ಸರಿ ಅನ್ನಿಸುವುದಿಲ್ಲ. ರಕ್ತಪಿಶಾಚಿಯ ಕತೆ ನಡೆಯುವುದೇ ಪಿಶಾಚಿಗೆ ಇರುವ ಕಟ್ಟುಪಾಡುಗಳ ಮೇಲೆ. ಎಲ್ಲಿಗೆ ಹೋಗಲಾರ, ಏನನ್ನು ಮುಟ್ಟಲಾರ, ಯಾರ ಅನುಮತಿ ಬೇಕು. ಮೊದಲೆರಡು ಕಂತಿನಲ್ಲಿ ಈ ಹಗ್ಗ ಬಿಗಿಯಾಗಿದೆ, ಮೂರನೆಯದರಲ್ಲಿ ಬರಹಗಾರರೇ ಬಿಚ್ಚಿಬಿಟ್ಟಿದ್ದಾರೆ. ಅದು ಹೇಗಾಯಿತು ಎಂದು ನೋಡಲು ಕಾದಂಬರಿಯಿಂದಲೇ ಶುರುಮಾಡಬೇಕು.

ಬ್ರಾಮ್ ಸ್ಟೋಕರ್‌ನ ಕಾದಂಬರಿ ಲಂಡನ್ನಿನಲ್ಲಿ ಹೊರಬಂದದ್ದು 1897ರ ಮೇ ತಿಂಗಳಲ್ಲಿ. ಒಟ್ಟು 27 ಅಧ್ಯಾಯ. ಇಡೀ ಪುಸ್ತಕ ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕೆಯ ತುಣುಕು, ಹಡಗಿನ ದಾಖಲೆ, ಡಾಕ್ಟರ್ ಸೀವರ್ಡ್ ಫೋನೋಗ್ರಾಫಿನಲ್ಲಿ ಹಿಡಿದಿಟ್ಟ ಮಾತು, ಇಂಥವುಗಳ ಕಟ್ಟು. ಇದನ್ನೆಲ್ಲ ಟೈಪ್ ಮಾಡಿ, ತಾರೀಖಿನ ಪ್ರಕಾರ ಜೋಡಿಸುವವಳು ಇಂಗ್ಲಿಷ್ ವಕೀಲ ಜೊನಾಥನ್ ಹಾರ್ಕರ್‌ನ ಮಡದಿ ಮೀನಾ. ಮೊದಲ ನಾಲ್ಕು ಅಧ್ಯಾಯ ದಾಟಿದ ಮೇಲೆ ಕೌಂಟ್ ಡ್ರಾಕುಲಾ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಅವನು ಬೇರೆಯವರ ಬರವಣಿಗೆಯ ಸಂದಿಯಲ್ಲಿ ಓಡಾಡುತ್ತಾನೆ. ಓದುಗನ ಭಯ ಹುಟ್ಟುವುದು ಅಲ್ಲೇ: ಬರೆಯುತ್ತಿರುವವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ.

ಪರದೆಯ ಮೇಲೆ ಇದು ಕಷ್ಟ. ಕ್ಯಾಮೆರಾ ಎಲ್ಲವನ್ನೂ ನೋಡುತ್ತದೆ. ದಿನಚರಿಯನ್ನು ಹಿನ್ನೆಲೆ ದನಿಯಲ್ಲಿ ಓದಿಸಿದರೆ ರೇಡಿಯೊ ನಾಟಕವಾಗುತ್ತದೆ, ಓದಿಸದೇ ಹೋದರೆ ಕಾದಂಬರಿಯ ಜೀವವೇ ಹೋಗುತ್ತದೆ. ಗೇಟಿಸ್ ಮತ್ತು ಮೊಫಾಟ್ ಕಂಡುಕೊಂಡ ದಾರಿ ವಿಚಾರಣೆ. ಹಂಗೇರಿಯ ಒಂದು ಕಾನ್ವೆಂಟಿನಲ್ಲಿ, ಬೋಳುತಲೆ, ಹುಣ್ಣಾದ ಚರ್ಮದ ಜೊನಾಥನ್ ಹಾರ್ಕರ್ ಮೇಜಿನ ಈಚೆ ಕೂತಿದ್ದಾನೆ. ಆಚೆ ಇಬ್ಬರು ಸನ್ಯಾಸಿನಿಯರು. ಅವನು ಬರೆದುಕೊಟ್ಟ ಹೇಳಿಕೆ ಮುಂದಿದೆ. ಒಬ್ಬಳು ಪ್ರಶ್ನೆ ಕೇಳುತ್ತ ಹೋಗುತ್ತಾಳೆ, ಹೇಳಿಕೆಯಲ್ಲಿ ಬಿಟ್ಟುಹೋದದ್ದನ್ನು ಹೆಕ್ಕುತ್ತ ಹೋಗುತ್ತಾಳೆ. ಡ್ರಾಕುಲಾನ ಕೋಟೆಯಲ್ಲಿ ಅವನಿಗೆ ಆದದ್ದೆಲ್ಲ ಈ ಪ್ರಶ್ನೋತ್ತರದ ಒಳಗಿಂದ ತೆರೆದುಕೊಳ್ಳುತ್ತದೆ.

ಆ ಕೋಣೆಯಲ್ಲಿ ಒಂದು ನೊಣ ಇದೆ. ಹಾರ್ಕರ್‌ನ ಮುಖದ ಮೇಲೆ ಕೂರುತ್ತದೆ, ಮೆಲ್ಲಗೆ ಕಣ್ಣುಗುಡ್ಡೆಯ ಮೇಲೆ ನಡೆದು ರೆಪ್ಪೆಯ ಒಳಗೆ ಹೋಗುತ್ತದೆ. ಅವನು ರೆಪ್ಪೆ ಮಿಟುಕಿಸುವುದಿಲ್ಲ. ಅವನಿಗೆ ಗೊತ್ತೇ ಆಗಿಲ್ಲ. ಈ ಮನುಷ್ಯ ಸತ್ತುಹೋಗಿದ್ದಾನೆ, ತಾನು ಸತ್ತಿದ್ದೇನೆ ಎಂದು ಅವನಿಗಿನ್ನೂ ತಿಳಿದಿಲ್ಲ ಎನ್ನುವುದನ್ನು ಒಂದೂ ಮಾತಿಲ್ಲದೆ ಆ ನೊಣ ಹೇಳಿಬಿಡುತ್ತದೆ. ಬರೆಯುತ್ತಿರುವವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುವ ಸ್ಟೋಕರ್‌ನ ಉಪಾಯವನ್ನು ಕ್ಯಾಮೆರಾಗೆ ಇಷ್ಟು ಚೊಕ್ಕವಾಗಿ ಒಗ್ಗಿಸಿದ ದೃಶ್ಯ ಇನ್ನೊಂದು ನನಗೆ ನೆನಪಾಗುವುದಿಲ್ಲ.

ಪ್ರಶ್ನೆ ಕೇಳುವವಳು ಸಿಸ್ಟರ್ ಅಗಾಥಾ. ಕಾದಂಬರಿಯ 8ನೇ ಅಧ್ಯಾಯದಲ್ಲಿ ಈ ಹೆಸರಿನ ಸನ್ಯಾಸಿನಿ ನಿಜಕ್ಕೂ ಇದ್ದಾಳೆ. ಬುಡಾಪೆಸ್ಟಿನ ಆಸ್ಪತ್ರೆಯಿಂದ ಆಗಸ್ಟ್ 12ರ ತಾರೀಖು ಹಾಕಿ ಮೀನಾಳಿಗೆ ಒಂದು ಕಾಗದ ಬರೆಯುತ್ತಾಳೆ: ನಿನ್ನ ಜೊನಾಥನ್ ಇಲ್ಲಿದ್ದಾನೆ, ಮೆದುಳುಜ್ವರ, ಸುಧಾರಿಸಿಕೊಳ್ಳುತ್ತಿದ್ದಾನೆ. ಕತೆಯಲ್ಲಿ ಅವಳ ಕೆಲಸ ಹೆಚ್ಚುಕಡಿಮೆ ಅಷ್ಟೇ. ಸರಣಿ ಈ ಸಣ್ಣ ಪಾತ್ರವನ್ನು ಎತ್ತಿಕೊಂಡು, ಡಚ್ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್‌ನ ಬುದ್ಧಿ, ಹೆಸರು ಎರಡನ್ನೂ ಅವಳಿಗೇ ಕೊಟ್ಟು ಅಗಾಥಾ ವ್ಯಾನ್ ಹೆಲ್ಸಿಂಗ್ ಮಾಡಿತು. ಇದು ಬರೀ ಚಮತ್ಕಾರ ಅಲ್ಲ. ಕಾದಂಬರಿಯಲ್ಲಿ ಕೌಂಟ್‌ನ ಬೆನ್ನು ಹತ್ತುವವರು ಒಂದು ಗುಂಪು: ಪ್ರೊಫೆಸರ್, ಸೀವರ್ಡ್, ಆರ್ಥರ್, ಕ್ವಿನ್ಸಿ, ಜೊನಾಥನ್, ಮೀನಾ. ತೆರೆಯ ಮೇಲೆ ಆರು ಜನ ಒಟ್ಟಿಗೆ ಯೋಚಿಸಿದರೆ ಅದು ಸಮಿತಿಯ ಸಭೆ. ಒಬ್ಬಳೇ ಯೋಚಿಸಿದರೆ ಡ್ರಾಕುಲಾನಿಗೆ ಮುಖಾಮುಖಿ ಸಿಗುತ್ತದೆ. ನಂಬಿಕೆ ಸಡಿಲವಾದ, ಕುತೂಹಲ ಮಾತ್ರ ಬತ್ತದ ಸನ್ಯಾಸಿನಿ ಆದ್ದರಿಂದ ಶಿಲುಬೆಯ ಪ್ರಶ್ನೆ ಅವಳ ಸ್ವಂತ ಪ್ರಶ್ನೆಯೂ ಆಗುತ್ತದೆ.

ನಿಜವಾಗಿ ಸರಣಿಯ ಬೆನ್ನೆಲುಬು ಆ ಪ್ರಶ್ನೆಯೇ. ಇವನಿಗೆ ಶಿಲುಬೆ ಕಂಡರೆ ಯಾಕೆ ಭಯ? ಬಿಸಿಲು ಯಾಕೆ ಆಗದು? ಕರೆಯದೆ ಯಾಕೆ ಒಳಗೆ ಬರಲಾರ? ಸಾಮಾನ್ಯವಾಗಿ ಇವನ್ನೆಲ್ಲ ಯಾರೂ ಕೇಳುವುದಿಲ್ಲ, ಒಪ್ಪಿಕೊಂಡು ಮುಂದೆ ಹೋಗುತ್ತಾರೆ.

ಕಾದಂಬರಿಯಲ್ಲಿ ಈ ನಿಯಮಗಳ ಪಟ್ಟಿ ಸಿಗುವುದು 18ನೇ ಅಧ್ಯಾಯದಲ್ಲಿ, ವ್ಯಾನ್ ಹೆಲ್ಸಿಂಗ್ ಎಲ್ಲರನ್ನೂ ಕೂರಿಸಿ ವಿವರಿಸುವಾಗ. ಮನೆಯವರು ಯಾರಾದರೂ ಕರೆದ ಹೊರತು ಮೊದಲ ಸಲ ಒಳಗೆ ಬರಲಾರ, ಒಮ್ಮೆ ಕರೆದರೆ ಆಮೇಲೆ ಬೇಕಾದಾಗ ಬರಬಹುದು. ಕನ್ನಡಿಯಲ್ಲಿ ಪ್ರತಿಬಿಂಬ ಇಲ್ಲ, ನೆರಳೂ ಬೀಳುವುದಿಲ್ಲ. ಹರಿಯುವ ನೀರನ್ನು ಉಬ್ಬರದ ಅಥವಾ ನೀರು ನಿಂತ ಹೊತ್ತಿನಲ್ಲಷ್ಟೇ ದಾಟಬಲ್ಲ. ಬೆಳ್ಳುಳ್ಳಿ ಆಗದು. ಶವಪೆಟ್ಟಿಗೆಯ ಮೇಲೆ ಕಾಡುಗುಲಾಬಿಯ ರೆಂಬೆ ಇಟ್ಟರೆ ಮೇಲೇಳಲಾರ. ಬೆಳಗಾದರೆ ಅವನ ಶಕ್ತಿ ಕುಂದುತ್ತದೆ. ಕುಂದುತ್ತದೆ ಅಷ್ಟೇ, ಸುಟ್ಟು ಬೂದಿಯಾಗುವುದಿಲ್ಲ. 13ನೇ ಅಧ್ಯಾಯದಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ಕಾಣಿಸಿಕೊಳ್ಳುತ್ತಾನೆ, ಹಾರ್ಕರ್ ಅವನನ್ನು ನೋಡಿ ಬಿಳಿಚಿಕೊಳ್ಳುತ್ತಾನೆ. ಕೊನೆಗೆ ಅವನು ಸಾಯುವುದೂ ಬಿಸಿಲಿನಿಂದಲ್ಲ. ನವೆಂಬರ್ 6ರ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ, ಜೊನಾಥನ್‌ನ ಕುಕ್ರಿ ಅವನ ಗಂಟಲು ಸೀಳುತ್ತದೆ, ಕ್ವಿನ್ಸಿಯ ಬೋವಿ ಚಾಕು ಎದೆಗಿಳಿಯುತ್ತದೆ. ಬಿಸಿಲಿಗೆ ರಕ್ತಪಿಶಾಚಿ ಕರಗಿಹೋಗುವುದನ್ನು ತಂದು ಸೇರಿಸಿದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ಆಮೇಲೆ ಬಂದ ಸಿನಿಮಾಗಳು ಅದನ್ನೇ ಹಿಡಿದುಕೊಂಡವು, ಈಗ ಎಲ್ಲರೂ ಅದು ಸ್ಟೋಕರ್‌ನದೇ ಎಂದುಕೊಂಡಿದ್ದಾರೆ.

ಇದು ಗೊತ್ತಿದ್ದರೆ ಸರಣಿಯ ಕೊನೆ ಬೇರೆಯೇ ಆಗಿ ಕಾಣುತ್ತದೆ. ಮೂರನೇ ಕಂತಿನ ಕೊನೆಯಲ್ಲಿ ಪರದೆ ಹರಿದು ಬಿಸಿಲು ಒಳನುಗ್ಗಿದಾಗ ಡ್ರಾಕುಲಾಗೆ ಏನೂ ಆಗುವುದಿಲ್ಲ. ಶತಮಾನಗಳಿಂದ ಹೆದರಿದ್ದು ಬರೀ ಅಭ್ಯಾಸ. ಯೋಧರ ವಂಶದಲ್ಲಿ ಹುಟ್ಟಿ, ಸಾಯಲು ಹೆದರಿದ ನಾಚಿಕೆ ಅವನ ಎಲ್ಲ ನಿಯಮಗಳ ಬೇರು ಎಂದು ವಿವರಣೆ. ಮೂಲಕ್ಕೆ ದ್ರೋಹ ಎಂದು ಆಗ ಬಹಳ ಜನ ಸಿಟ್ಟಾದರು. ನಿಜದಲ್ಲಿ ಬಿಸಿಲಿನ ವಿಷಯದಲ್ಲಿ ಸರಣಿ 1897ಕ್ಕೇ ಮರಳಿದೆ. ದ್ರೋಹ ಏನಾದರೂ ಇದ್ದರೆ ಅದು 1922ಕ್ಕೆ.

ಮೊದಲ ಕಂತು ಮುಗಿಯುವ ಜಾಗಕ್ಕೆ ಬರೋಣ, ಹೊಸ್ತಿಲ ನಿಯಮ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಅದು ಪಾಠ. ಕಾನ್ವೆಂಟಿನ ಕಬ್ಬಿಣದ ಗೇಟಿನ ಹೊರಗೆ ಒಂದು ತೋಳ. ತೋಳದ ಚರ್ಮ ಒಳಗಿಂದ ಹರಿದು, ರಕ್ತ ಮೆತ್ತಿದ ಬೆತ್ತಲೆ ಮನುಷ್ಯ ಹೊರಬರುತ್ತಾನೆ, ಎದ್ದು ನಿಂತು ಹರಟೆಗಿಳಿಯುತ್ತಾನೆ. ಒಳಗೆ ಸನ್ಯಾಸಿನಿಯರ ಸಾಲು. ನಡುವೆ ಇರುವುದು ಕಂಬಿ ಮಾತ್ರ, ಆದರೆ ಅವನನ್ನು ತಡೆದಿರುವುದು ಕಂಬಿಯಲ್ಲ. ಅಗಾಥಾಗೆ ಅದು ಗೊತ್ತು, ಆದ್ದರಿಂದಲೇ ಹತ್ತಿರ ನಿಂತು ತನ್ನ ರಕ್ತವನ್ನೇ ತೋರಿಸಿ ಕೆಣಕುತ್ತಾಳೆ. ಹಾಗಾದರೆ ಅವನು ಒಳಗೆ ಬರುವುದು ಹೇಗೆ? ಒಳಗೇ ಇರುವ ಜೊನಾಥನ್‌ನಿಂದ. ಈಗ ಅರೆಸತ್ತವನಾದ ಅವನಿಗೆ ತನ್ನನ್ನು ತಾನು ಕೊಂದುಕೊಳ್ಳಲು ಆಗುತ್ತಿಲ್ಲ. ನನ್ನನ್ನು ಕರೆ, ನಿನಗೆ ಸಾವು ಕೊಡುತ್ತೇನೆ ಎಂಬ ಒಪ್ಪಂದ ಆಗುತ್ತದೆ. ಆಮೇಲೆ ಅಗಾಥಾ ಮತ್ತು ಮೀನಾ ಪವಿತ್ರ ರೊಟ್ಟಿಯ ಚೂರಿನ ವೃತ್ತದೊಳಗೆ ಕೂತಾಗ ಅದೇ ನಿಯಮವನ್ನು ಎರಡನೇ ಸಲ ಬಳಸುತ್ತಾರೆ: ಜೊನಾಥನ್ ಬರುತ್ತಾನೆ, ಮೀನಾ ಒಳಗೆ ಕರೆಯುತ್ತಾಳೆ, ಬಂದವನು ಜೊನಾಥನ್‌ನ ಚರ್ಮ ಹೊದ್ದ ಡ್ರಾಕುಲಾ. ಎರಡು ಸಲವೂ ನಿಯಮ ಮುರಿಯಲಿಲ್ಲ. ಒಮ್ಮೆ ಹತಾಶೆ, ಒಮ್ಮೆ ಪ್ರೀತಿ ಬಾಗಿಲು ತೆರೆದವು. ನಿಯಮ ಗಟ್ಟಿಯಾಗಿ ನಿಂತಷ್ಟೂ ಮನುಷ್ಯರ ದೌರ್ಬಲ್ಯ ಚೆನ್ನಾಗಿ ಕಾಣುತ್ತದೆ.

ಕೋಟೆಯ ಬಗ್ಗೆ ಒಂದು ಮಾತು. ಹೊರನೋಟಕ್ಕೆ ಬಳಸಿದ್ದು ಸ್ಲೊವಾಕಿಯಾದ ಒರಾವಾ ಕೋಟೆ, ‘ನೊಸ್ಫೆರಾಟು’ ಚಿತ್ರೀಕರಣ ನಡೆದದ್ದೂ ಅಲ್ಲೇ. ಒಳಾಂಗಣ ಕಟ್ಟಿದ್ದು ಇಂಗ್ಲೆಂಡಿನ ಬ್ರೇ ಸ್ಟುಡಿಯೊದಲ್ಲಿ, 1958ರಲ್ಲಿ ಹ್ಯಾಮರ್ ಕಂಪನಿ ಕ್ರಿಸ್ಟೊಫರ್ ಲೀಯನ್ನು ಡ್ರಾಕುಲಾ ಮಾಡಿದ ಜಾಗ. ಕಲಾ ವಿನ್ಯಾಸ ಆರ್ವೆಲ್ ವಿನ್ ಜೋನ್ಸ್ ಅವರದು. ಹಳೆಯ ಸಿನಿಮಾಗಳನ್ನು ಪ್ರೀತಿಸುವವರಿಗೆ ಈ ಎರಡು ಆಯ್ಕೆಗಳೇ ಒಂದು ನಮಸ್ಕಾರದಂತೆ.

ಎರಡನೇ ಕಂತಿನ ಧೈರ್ಯವನ್ನು ಪುಸ್ತಕ ಓದಿದವರೇ ಸರಿಯಾಗಿ ಅಳೆಯಬಲ್ಲರು. ಕಾದಂಬರಿಯಲ್ಲಿ ಡ್ರಾಕುಲಾನನ್ನು ಇಂಗ್ಲೆಂಡಿಗೆ ತರುವ ಡಿಮೀಟರ್ ಹಡಗಿನ ಪಯಣ 7ನೇ ಅಧ್ಯಾಯದ ಒಂದು ಭಾಗ ಮಾತ್ರ. ಕಪ್ಪುಸಮುದ್ರದ ವಾರ್ನಾದಲ್ಲಿ ಜುಲೈ 6ಕ್ಕೆ ಸರಕು ತುಂಬುತ್ತಾರೆ: ಮರಳು, ಮಣ್ಣು ತುಂಬಿದ ಪೆಟ್ಟಿಗೆಗಳು. ಹಡಗಿನಲ್ಲಿ ಐವರು ನಾವಿಕರು, ಇಬ್ಬರು ಮೇಟ್‌ಗಳು (ಕ್ಯಾಪ್ಟನ್ನಿನ ಕೆಳಗಿನ ಅಧಿಕಾರಿಗಳು), ಅಡುಗೆಯವ, ಕ್ಯಾಪ್ಟನ್. ಒಟ್ಟು 9 ಮಂದಿ. ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಆಗಸ್ಟ್‌ನ ಬಿರುಗಾಳಿಯಲ್ಲಿ ಹಡಗು ವ್ಹಿಟ್‌ಬಿ ದಡಕ್ಕೆ ಬಡಿದಾಗ ಅದರ ಮೇಲಿರುವುದು ಚುಕ್ಕಾಣಿಗೆ ಕೈ ಕಟ್ಟಿಕೊಂಡ ಕ್ಯಾಪ್ಟನ್ನಿನ ಹೆಣ, ಕೈಯಲ್ಲಿ ಶಿಲುಬೆ. ಒಂದು ದೊಡ್ಡ ನಾಯಿ ನೆಲಕ್ಕೆ ಹಾರಿ ಮರೆಯಾಗುತ್ತದೆ. ಸ್ಟೋಕರ್ 1890ರಲ್ಲಿ ವ್ಹಿಟ್‌ಬಿಗೆ ಹೋಗಿದ್ದ, 1885ರಲ್ಲಿ ಅಲ್ಲಿ ದಡಕ್ಕೆ ಬಡಿದಿದ್ದ ಡಿಮಿಟ್ರಿ ಎಂಬ ನಿಜವಾದ ರಷ್ಯನ್ ಹಡಗಿನಿಂದ ಈ ಘಟನೆ ಬಂತು.

ಇದನ್ನು ಇದ್ದ ಹಾಗೇ ಒಂದೂವರೆ ಗಂಟೆಗೆ ಎಳೆದರೆ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಕೊಲೆಗಾರ ಯಾರು ಎಂದು ನೋಡುಗನಿಗೆ ಮೊದಲೇ ಗೊತ್ತು, ಆದ್ದರಿಂದ ಆ ಗುಟ್ಟು ಐದು ನಿಮಿಷವೂ ನಿಲ್ಲುವುದಿಲ್ಲ. ಎರಡು, ನಾವಿಕರೆಲ್ಲ ಒಂದೇ ತರಹ, ಮೂರನೆಯವನು ಸಾಯುವ ಹೊತ್ತಿಗೆ ಯಾರೂ ಲೆಕ್ಕ ಇಡುವುದಿಲ್ಲ. ಸರಣಿ ಎರಡಕ್ಕೂ ಮದ್ದು ಹುಡುಕಿದೆ. ಡ್ರಾಕುಲಾನನ್ನು ಪೆಟ್ಟಿಗೆಯಲ್ಲಿ ಅಡಗಿಸದೆ, ಸೂಟು ಹಾಕಿದ ಪ್ರಯಾಣಿಕನಾಗಿ ಊಟದ ಮೇಜಿಗೇ ತಂದು ಕೂರಿಸಿದೆ. ಜೊತೆಗೆ ಬೇರೆ ಬೇರೆ ಆಸೆ, ಸುಳ್ಳು ಹೊತ್ತ ಪ್ರಯಾಣಿಕರನ್ನು ಹತ್ತಿಸಿದೆ: ಮುದಿ ಡಚೆಸ್, ಹೊಸದಾಗಿ ಮದುವೆಯಾದ ಲಾರ್ಡ್ ರುತ್ವೆನ್, ಡಾಕ್ಟರ್ ಶರ್ಮಾ ಮತ್ತು ಅವನ ಮಗಳು. ಗುಟ್ಟನ್ನು ‘ಯಾರು ಕೊಂದರು’ ಎಂಬಲ್ಲಿಂದ ತೆಗೆದು ‘9ನೇ ಕ್ಯಾಬಿನ್ನಿನಲ್ಲಿ ಯಾರಿದ್ದಾರೆ’ ಎಂಬಲ್ಲಿಗೆ ಸಾಗಿಸಿದೆ. ನಡುನಡುವೆ ಡ್ರಾಕುಲಾ ಮತ್ತು ಅಗಾಥಾ ಚದುರಂಗ ಆಡುತ್ತ ಮಾತಾಡುತ್ತಾರೆ. ಹಡಗಿನ ಕತೆ ಈ ಮಾತಿನೊಳಗೆ ಹೇಳಿದ್ದು. ಚದುರಂಗ ಎಲ್ಲಿ ನಡೆಯುತ್ತಿದೆ ಎಂದು ತಿಳಿಯುವ ಕ್ಷಣಕ್ಕೆ ಎರಡು ಕತೆಗಳೂ ಒಂದಾಗುತ್ತವೆ: 9ನೇ ಕ್ಯಾಬಿನ್ನಿನಲ್ಲಿ ಇರುವವಳು ಅಗಾಥಾಳೇ, ಅವಳು ಚದುರಂಗದ ಕನಸಿನಲ್ಲಿದ್ದಾಗ ಅವನು ಅವಳ ರಕ್ತ ಹೀರುತ್ತಿದ್ದಾನೆ.

ರಕ್ತದ ಜೊತೆ ಅದರ ಒಡೆಯನ ನೆನಪು, ಭಾಷೆ, ಕೌಶಲವೂ ಬರುತ್ತದೆ ಎಂಬ ಕಲ್ಪನೆ ಸರಣಿಯದ್ದು. ಹಾರ್ಕರ್‌ನ ರಕ್ತ ಇಳಿದಂತೆಲ್ಲ ಮುದುಕ ಕೌಂಟ್ ಹರೆಯಕ್ಕೆ ಮರಳುವುದರ ಜೊತೆಗೆ ಅವನ ಇಂಗ್ಲಿಷ್ ಉಚ್ಚಾರವೂ ತಿದ್ದಿಕೊಳ್ಳುತ್ತದೆ. ಇದರಿಂದ ಅವನು ಸಿಕ್ಕವರನ್ನೆಲ್ಲ ತಿನ್ನುವವನಾಗದೆ, ಆರಿಸಿ ತಿನ್ನುವವನಾಗುತ್ತಾನೆ. ಶಿಲುಬೆಯ ಭಯಕ್ಕೂ ಅವನು ನಡುವೆ ಇದೇ ಕಾರಣ ಕೊಡುತ್ತಾನೆ: ಶತಮಾನಗಟ್ಟಲೆ ಶಿಲುಬೆಗೆ ಹೆದರಿದ ರೈತರ ರಕ್ತ ಕುಡಿದು ಆ ಹೆದರಿಕೆಯೂ ನನ್ನೊಳಗೆ ಸೇರಿತು. ಕೊನೆಯಲ್ಲಿ ಬರುವ ನಾಚಿಕೆಯ ವಿವರಣೆಗಿಂತ ಇದು ನನಗೆ ಎಷ್ಟೋ ಗಟ್ಟಿಯಾಗಿ ಕಾಣುತ್ತದೆ. ಇದು ಕತೆ ತಾನೇ ಹಾಕಿದ ನಿಯಮದಿಂದ ಹುಟ್ಟಿದ್ದು, ಅದು ಹೊರಗಿಂದ ತಂದದ್ದು.

ಪ್ರಚಾರಕ್ಕೆ ಬಿಬಿಸಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಲ್ಲಿಸಿದ ಜಾಹೀರಾತು ಫಲಕವನ್ನೂ ಇಲ್ಲೇ ಹೇಳಬೇಕು, ಅದೂ ನಿಯಮದ ಆಟವೇ. ಹಗಲಲ್ಲಿ ನೋಡಿದರೆ ಬಿಳಿ ಫಲಕಕ್ಕೆ ಅಲ್ಲಲ್ಲಿ ಚುಚ್ಚಿದ ರಕ್ತ ಮೆತ್ತಿದ ಗೂಟಗಳು, ಅಷ್ಟೇ. ಕತ್ತಲಾದ ಮೇಲೆ ಬದಿಯ ದೀಪ ಹೊತ್ತಿದರೆ ಗೂಟಗಳ ನೆರಳೆಲ್ಲ ಕೂಡಿಕೊಂಡು ಕೋರೆಹಲ್ಲು ತೆರೆದ ಡ್ರಾಕುಲಾನ ಮುಖವಾಗುತ್ತದೆ. ಇಂಥದ್ದನ್ನು ಸಣ್ಣದಾಗಿ ಮಾಡಿನೋಡಬೇಕೆಂದರೆ ಲೆಕ್ಕ ಸುಲಭ. ಫಲಕಕ್ಕೆ ನೇರವಾಗಿ ಚುಚ್ಚಿದ 20 ಸೆಂಟಿಮೀಟರ್ ಗೂಟಕ್ಕೆ ಬೆಳಕು 45 ಡಿಗ್ರಿಯಲ್ಲಿ ಬಿದ್ದರೆ ನೆರಳೂ 20 ಸೆಂಟಿಮೀಟರ್. ಬೆಳಕು ಫಲಕವನ್ನು ಸವರುವಂತೆ 20 ಡಿಗ್ರಿಗೆ ಇಳಿದರೆ ಅದೇ ಗೂಟದ ನೆರಳು ಸುಮಾರು 55. ಅಲ್ಲಿಂದ ಎರಡೇ ಡಿಗ್ರಿ ತಪ್ಪಿ 18ಕ್ಕೆ ಹೋದರೆ ನೆರಳು 6 ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ಮೂಗು ಕೆನ್ನೆಗೆ ಹೋಗುತ್ತದೆ. ಆದ್ದರಿಂದ ದೀಪವನ್ನು ಮೊದಲು ಅಲುಗದಂತೆ ಬಿಗಿಯಬೇಕು, ಅದು ಹೊತ್ತಿರುವಾಗಲೇ ಒಂದೊಂದು ಗೂಟ ಚುಚ್ಚಬೇಕು. ದೀಪ ಒಂದೇ ಇರಬೇಕು, ಅದರ ಬೆಳಕಿನ ಮೂಲ ಚಿಕ್ಕದಿರಬೇಕು. ಅಗಲದ ಟ್ಯೂಬ್‌ಲೈಟ್ ಇಟ್ಟರೆ ನೆರಳಿನ ಅಂಚು ಮಂಜಾಗುತ್ತದೆ, ಬೀದಿದೀಪ ಹತ್ತಿರವಿದ್ದರೆ ಎರಡನೇ ನೆರಳು ಬಿದ್ದು ಮುಖ ಕಲಸಿಹೋಗುತ್ತದೆ.

ಈಗ ಮೂರನೇ ಕಂತು. ಎರಡನೆಯದು ಮುಗಿಯುವಾಗ ಹಡಗು ಸ್ಫೋಟಿಸಿ ಮುಳುಗುತ್ತದೆ. ಪೆಟ್ಟಿಗೆಯೊಳಗೆ ಕಡಲ ತಳದಲ್ಲಿ ಮಲಗಿದ ಡ್ರಾಕುಲಾ ಎದ್ದು ದಡಕ್ಕೆ ನಡೆದು ಬಂದಾಗ ಕಣ್ಣಿಗೆ ರಾಚುವುದು ಹೆಲಿಕಾಪ್ಟರಿನ ದೀಪ. 123 ವರ್ಷ ಕಳೆದಿದೆ. ಈ ತಿರುವು ಅದ್ಭುತ, ಅದರ ಬೆನ್ನಿಗೇ ಬರುವ ದೃಶ್ಯವೂ ಅಷ್ಟೇ. ಒಂದು ಸಾಧಾರಣ ಮನೆಯೊಳಗೆ ನಿಂತು ಫ್ರಿಜ್ಜು, ಟೀವಿ, ದೀಪ ನೋಡಿ ಅವನು ಬೆರಗಾಗುತ್ತಾನೆ, ಅರಮನೆಗಳಲ್ಲೂ ಇಂಥ ಸಿರಿ ನೋಡಿಲ್ಲ ಎನ್ನುತ್ತಾನೆ. ಹತ್ತೊಂಬತ್ತನೇ ಶತಮಾನದ ಶ್ರೀಮಂತನ ಕಣ್ಣಲ್ಲಿ ಇವತ್ತಿನ ಬಡವರ ಮನೆ. ಇಲ್ಲಿವರೆಗೆ ಎಲ್ಲ ಸರಿ.

ಆಮೇಲೆ ಕಟ್ಟುಗಳು ಒಂದೊಂದಾಗಿ ಬಿಚ್ಚುತ್ತವೆ. ಮೊದಲನೆಯದು ಚೌಕಟ್ಟು. ಮೊದಲ ಕಂತಿಗೆ ವಿಚಾರಣೆ ಇತ್ತು, ಎರಡನೆಯದಕ್ಕೆ ಚದುರಂಗ. ಮೂರನೆಯದರಲ್ಲಿ ಯಾರೂ ಯಾರಿಗೂ ಕತೆ ಹೇಳುತ್ತಿಲ್ಲ, ಘಟನೆಗಳು ಒಂದರ ಹಿಂದೊಂದು ಬರುತ್ತವೆ. ಎರಡನೆಯದು ಜಾಗ. ಕೋಟೆ, ಕಾನ್ವೆಂಟ್, ಹಡಗು ಎಲ್ಲವೂ ಮುಚ್ಚಿದ ಜಾಗಗಳು, ಓಡಿಹೋಗಲು ದಾರಿ ಇಲ್ಲ. ಮೀನಾ ಕಟ್ಟಿಸಿದ ಜೊನಾಥನ್ ಹಾರ್ಕರ್ ಫೌಂಡೇಷನ್ನಿನ ಗಾಜಿನ ಪಂಜರವೂ ಅಂಥದ್ದೇ ಆಗಬಹುದಿತ್ತು. ಅಲ್ಲಿ ಬಿಸಿಲೇ ಕಾವಲು, ಎದುರಿಗೆ ಅಗಾಥಾಳ ವಂಶದ ಜೋಯಿ, ಅದೇ ಡಾಲಿ ವೆಲ್ಸ್. ಇಡೀ ಕಂತು ಆ ಗಾಜಿನ ಆಚೆ ಈಚೆ ನಡೆದಿದ್ದರೆ ಸಾಕಿತ್ತು. ಆದರೆ ಗೇಟಿಸ್ ಸ್ವತಃ ನಟಿಸಿರುವ ವಕೀಲ ರೆನ್‌ಫೀಲ್ಡ್ ಬಂದು, ಹಿಡಿದಿಡಲು ಕಾನೂನಿನ ಆಧಾರ ಎಲ್ಲಿದೆ ಎಂದು ಕೇಳಿ ಬಿಡಿಸಿಕೊಂಡು ಹೋಗುತ್ತಾನೆ. ಮಾತು ಚುರುಕಾಗಿದೆ, ಆದರೆ ಒಂದು ಕಂತಿನ ಬಿಗಿತ ಅಲ್ಲಿಗೆ ಸೋರಿಹೋಯಿತು. ಅಷ್ಟು ದೊಡ್ಡದಾಗಿ ಪರಿಚಯಿಸಿದ ಫೌಂಡೇಷನ್ ಆಮೇಲೆ ಹೆಚ್ಚುಕಡಿಮೆ ಕಾಣೆ. ಹೊಸ್ತಿಲ ನಿಯಮವೂ ಅಷ್ಟೇ. ಜನ ಫೋನಿನಲ್ಲೇ ಅಪರಿಚಿತರನ್ನು ಮನೆಗೆ ಕರೆಯುವ ಕಾಲದಲ್ಲಿ ಆ ನಿಯಮಕ್ಕೆ ಎಷ್ಟು ಹೊಸ ಮುಖ ಇರಬಹುದಿತ್ತು! ಸರಣಿ ಅದನ್ನು ಮುಟ್ಟಿ ಬಿಟ್ಟುಬಿಡುತ್ತದೆ.

ಲೂಸಿಯ ಭಾಗ ಅರ್ಧ ಗೆದ್ದಿದೆ. ಕಾದಂಬರಿಯಲ್ಲಿ ಡ್ರಾಕುಲಾ ರಕ್ತ ಹೀರಿದ, ಮೀನಾಳ ಗೆಳತಿ ಲೂಸಿಯನ್ನು ಉಳಿಸಲು ಆರ್ಥರ್, ಸೀವರ್ಡ್, ವ್ಯಾನ್ ಹೆಲ್ಸಿಂಗ್, ಕ್ವಿನ್ಸಿ ನಾಲ್ವರೂ ರಕ್ತ ಕೊಡುತ್ತಾರೆ. ರಕ್ತದ ಗುಂಪುಗಳು ಗೊತ್ತಾಗುವುದಕ್ಕೆ ಮುಂಚಿನ ಪುಸ್ತಕ ಅದು, ಆದ್ದರಿಂದ ಹೊಂದುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಸರಣಿಯ ಲೂಸಿಯಾಗಿ ಲಿಡಿಯಾ ವೆಸ್ಟ್, ಚೆಲುವೆಯಾಗಿರುವುದರಿಂದಲೇ ಸುಸ್ತಾದ ಹುಡುಗಿ, ಸಾವಿನ ಹೆದರಿಕೆ ಇಲ್ಲದವಳು. ಸತ್ತ ಮೇಲೆ ಅವಳನ್ನು ಹೂಳದೆ ಸುಡುತ್ತಾರೆ, ಬೆಂಕಿಯೊಳಗೆ ಅವಳಿಗೆ ಎಚ್ಚರವಾಗುತ್ತದೆ. ಹೊರಬಂದವಳು ತಾನು ಮೊದಲಿನಂತೆಯೇ ಇದ್ದೇನೆ ಎಂದುಕೊಂಡಿದ್ದಾಳೆ, ಸೆಲ್ಫಿ ತೆಗೆದಾಗಲೇ ಸುಟ್ಟ ಮುಖ ಕಾಣುವುದು. ಕನ್ನಡಿಯ ಹಳೆಯ ನಿಯಮಕ್ಕೆ ಹೊಸ ಕಾಲದಲ್ಲಿ ಸಿಕ್ಕ ಸರಿಯಾದ ಉತ್ತರ ಇದು. ತೊಂದರೆ ಏನೆಂದರೆ, ಅವಳಿಗೂ ಡ್ರಾಕುಲಾಗೂ ಬೆಳೆದ ನಂಟು ಬಹುಪಾಲು ತೆರೆಯ ಹಿಂದೆಯೇ ನಡೆದುಹೋಗಿದೆ. ಕತೆ ತಿಂಗಳುಗಳನ್ನು ಹಾರಿ ಮುಂದೆ ಬಂದಿರುತ್ತದೆ. ಅವಳು ಯಾಕೆ ಒಪ್ಪಿದಳು ಎಂಬುದನ್ನು ನಾವು ನೋಡಿಲ್ಲ, ಕೇಳಿದ್ದೇವೆ ಅಷ್ಟೇ.

ಹೀಗೆ ಕಾಲ ಕಳೆದು, ಮೊದಲ ಕಂತಿನಿಂದ ಕೇಳುತ್ತಿದ್ದ ಪ್ರಶ್ನೆಯ ಉತ್ತರ ಕೊನೆಯ ಕೆಲವೇ ನಿಮಿಷಕ್ಕೆ ತುರುಕಲ್ಪಟ್ಟಿತು. ಡ್ರಾಕುಲಾನ ರಕ್ತ ಕುಡಿದು ಅಗಾಥಾಳ ನೆನಪನ್ನು ಎಬ್ಬಿಸಿಕೊಂಡ ಜೋಯಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾಳೆ, ಕ್ಯಾನ್ಸರ್ ಇರುವ ಅವಳ ರಕ್ತ ಅವನಿಗೆ ವಿಷ, ಅದನ್ನೇ ಕುಡಿದು ಅವನೂ ಸಾಯುತ್ತಾನೆ. ಇಬ್ಬರ ನಟನೆ ಆ ದೃಶ್ಯವನ್ನು ಎತ್ತಿ ಹಿಡಿದಿದೆ. ಬರವಣಿಗೆ ಅದಕ್ಕೆ ಬೇಕಾದಷ್ಟು ಹೊತ್ತು ಕೊಟ್ಟಿಲ್ಲ. ಬಿಸಿಲು ಸುಡುವುದಿಲ್ಲ ಎಂಬ ಸುಳಿವು ಎರಡನೇ ಕಂತಿನ ಹಡಗಿನ ಮೇಲೆಯೇ ಒಮ್ಮೆ ಬಿದ್ದಿದ್ದರೆ, ಕೊನೆಯ ಪರದೆ ಹರಿಯುವುದಕ್ಕೆ ಎಷ್ಟು ತೂಕ ಬರುತ್ತಿತ್ತು ಎಂದು ಪ್ರತಿ ಸಲ ಅನ್ನಿಸುತ್ತದೆ.

ಪುಸ್ತಕ ಜೊತೆಗಿಟ್ಟುಕೊಂಡು ನೋಡುವವರಿಗೆ: ಮೊದಲ ಕಂತಿಗೆ ಮುಂಚೆ 1ರಿಂದ 4ನೇ ಅಧ್ಯಾಯ, ಜೊತೆಗೆ 8ರಲ್ಲಿ ಬರುವ ಅಗಾಥಾಳ ಕಾಗದ. ಎರಡನೆಯದಕ್ಕೆ 7ನೇ ಅಧ್ಯಾಯ ಒಂದೇ ಸಾಕು. ಮೂರನೆಯದಕ್ಕೆ 5, ಆಮೇಲೆ 10ರಿಂದ 16ರವರೆಗೆ ಲೂಸಿಯ ಕತೆ. 18ನೇ ಅಧ್ಯಾಯವನ್ನು ಮಾತ್ರ ಮೂರೂ ಕಂತು ಮುಗಿದ ಮೇಲೆ ಓದಿ, ಸರಣಿ ಯಾವ ನಿಯಮ ಇಟ್ಟುಕೊಂಡಿತು, ಯಾವುದನ್ನು ಬಿಟ್ಟಿತು ಎಂದು ಆಗ ಒಂದೊಂದಾಗಿ ಗುರುತು ಹಾಕಿಕೊಳ್ಳಬಹುದು. ಸ್ಟೋಕರ್ ತೀರಿಕೊಂಡದ್ದು 1912ರಲ್ಲಿ, ಆದ್ದರಿಂದ ಮೂಲ ಇಂಗ್ಲಿಷ್ ಪಠ್ಯಕ್ಕೆ ಈಗ ಹಕ್ಕುಸ್ವಾಮ್ಯದ ತಡೆ ಇಲ್ಲ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಮತ್ತೊಂದು, ದೃಶ್ಯಗಳು ಬಹಳ ಕತ್ತಲೆಯವು. ಟೀವಿಯ ಪರದೆಯ ಮೇಲೆ ಬೆಳಕು ಬೀಳದ ಹಾಗೆ ನೋಡಿಕೊಂಡು, ಚಿತ್ರವನ್ನು ತಾನೇ ಮಂಕು ಮಾಡುವ ಪವರ್ ಸೇವಿಂಗ್ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಲ್ಲದಿದ್ದರೆ ಕೋಟೆಯ ಅರ್ಧ ಗೋಡೆ, ಹಡಗಿನ ಅರ್ಧ ಡೆಕ್ಕು ಕಣ್ಣಿಗೇ ಬೀಳುವುದಿಲ್ಲ.